ಗುತ್ಯಮ್ಮನ ಎರಡು ಹೆಡಿಗೆ ದರಗು

ನನಗೆ ನೆನಪು ಕೆಟ್ಟಿದೆಯಂತೆ. ಹೇಳಿದವರು ಯಾರು? ಫೋನು ತೆಗೆದು ನೋಡದೆ ಕಟ್ಟಿಕೊಂಡವಳ ನಂಬರು ಹೇಳಲು ಬಾರದ ಮಹಾನುಭಾವರು! ನಿನ್ನೆ ಗುಂಪಿಗೆ ಕಳಿಸಿದ ವಾಯ್ಸ್ ನೋಟಿಗೆ ಒಬ್ಬರು 'ಅಜ್ಜನಿಗೆ ವಯಸ್ಸಾಯ್ತು, ಅದು ಒಂದೇ ಹೆಡಿಗೆ ಇರಬೇಕು' ಎಂದು ಬರೆದಿದ್ದಾರೆ. ಇನ್ನೊಬ್ಬರು ಅದರ ಕೆಳಗೆ ಹಲ್ಲು ಕಿರಿಯುವ ಮುಖ ಅಂಟಿಸಿದ್ದಾರೆ. ಆ ಹೆಡಿಗೆ ಬುಟ್ಟಿಯ ಅಂಚು ಎಲ್ಲಿ ಹರಿದಿತ್ತು, ಯಾವ ಬಣ್ಣದ ಪ್ಲಾಸ್ಟಿಕ್ ಹಗ್ಗದಲ್ಲಿ ಹೊಲಿದಿತ್ತು ಎಂಬುದನ್ನೂ ಹೇಳಬಲ್ಲೆ. ಬಲಗಡೆ, ನೀಲಿ ಹಗ್ಗ. ಸಾಕೇ? ಇನ್ನು ಬಾಯಿ ಮುಚ್ಚಿಕೊಂಡು ಮೊದಲಿನಿಂದ ಕೇಳಿ.

ಹುಲಿಕಲ್ ಘಾಟಿಯ ನೆತ್ತಿಯಲ್ಲಿ ಬಸ್ಸಿಳಿದು ಎರಡು ಗಂಟೆ ನಡೆದರೆ ಕವಲಗೋಡು. ಆರೇ ಮನೆ. ಮೇಲೆ ಹುಲ್ಲಿನ ಬೋಳು ಗುಡ್ಡಗಳು, ಒಂದರ ಬೆನ್ನಿಗೆ ಇನ್ನೊಂದು. ಗುಡ್ಡ ಗುಡ್ಡದ ನಡುವಿನ ಮಡಿಕೆಗಳಲ್ಲಿ ಮಾತ್ರ ಕಾಡು, ಹಸಿರು ಕಂಬಳಿಯನ್ನು ಹಿಂಡಿ ತುರುಕಿದ ಹಾಗೆ. ಬೆಳಿಗ್ಗೆ ಕರಾವಳಿಯಿಂದ ಮಂಜು ಹತ್ತಿ ಬಂದು ಆ ಮಡಿಕೆಗಳನ್ನು ತುಂಬುತ್ತದೆ. ಬಿಸಿಲೇರಿದ ಮೇಲೆ ಸಿಂಗಳೀಕಗಳು ಮರದ ತುದಿಯಲ್ಲಿ ಕೂತು ಮೈ ಒಣಗಿಸಿಕೊಳ್ಳುತ್ತವೆ. ಮಂಗಟ್ಟೆ ಹಕ್ಕಿ ಹಾರಿದರೆ ಯಾರೋ ಹಳೆಯ ತಿದಿ ಒತ್ತಿದ ಹಾಗೆ ರೆಕ್ಕೆಯ ಸದ್ದು. ಇಷ್ಟನ್ನೂ ಬಿಟ್ಟು, ಬಂದವರೆಲ್ಲ ಇಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಕೈಯೆತ್ತಿ ತಿರುಗುತ್ತಾರೆ. ಅವರ ಮಾತು ಈಗ ಬರುತ್ತದೆ.

ಈ ಕಾಡಿಗೆ ರಾಷ್ಟ್ರೀಯ ಉದ್ಯಾನ ಎಂಬ ಹೆಸರು ಬಿದ್ದ ಮೇಲೆ ಒಂದು ಕಡ್ಡಿ ಎತ್ತುವಂತಿಲ್ಲ. ಕಡ್ಡಿ ಹೋಗಲಿ, ದರಗು ಗುಡಿಸುವಂತಿಲ್ಲ. ದರಗು ಎಂದರೆ ಮರದಿಂದ ಉದುರಿದ ಒಣ ಎಲೆ, ಬೇರೇನೂ ಅಲ್ಲ. ಬೇಸಗೆಯಲ್ಲಿ ಗುಡಿಸಿ ತಂದು ದನದ ಕಾಲಡಿ ಹಾಸಿದರೆ ಅದೇ ವರ್ಷದ ಗೊಬ್ಬರ. ಗುತ್ಯಮ್ಮನಿಗೆ ಐವತ್ತೆಂಟು ವರ್ಷ, ಕೊಟ್ಟಿಗೆಯಲ್ಲಿ ಎರಡು ಹಸು. ಏಳನೆಯ ವಯಸ್ಸಿನಿಂದ ದರಗು ಗುಡಿಸಿದವಳು. ಒಂದು ಬೆಳಗಾಗುವುದರೊಳಗೆ ಅದು ಕಳ್ಳತನ ಎಂದರೆ ಅವಳು ಯಾಕೆ ಕೇಳುತ್ತಾಳೆ? ಕೇಳಲಿಲ್ಲ. ಆದರೆ ಅವಳ ಮೈದುನ ಮಾಸ್ತಪ್ಪನೇ ಆ ಭಾಗದ ಅರಣ್ಯ ವಾಚರ್. ಅವನು ಎಚ್ಚರಿಸಿದ್ದ.

"ಅತ್ಗೆ, ಇನ್ನೊಂದ್ಸಲ ಸಿಕ್ರೆ ಕೇಸೇ ಸೈ. ನನ್ ಬೀಟಲ್ಲಿ ನನ್ ಅತ್ಗೇನೇ ಗುಡಿಸ್ತಾಳೆ ಅಂದ್ರೆ ನನ್ ಕೆಲ್ಸನೂ ಹೋಯ್ತು."

"ಹೌದನಾ? ನಿನ್ ಬೀಟಲ್ಲಿ ಬಿದ್ದಿರೋ ಎಲೆಯೆಲ್ಲ ಎಣಿಸಿಟ್ಟಿದ್ದೀಯ?" ಎಂದಿದ್ದಳು ಗುತ್ಯಮ್ಮ.

ಏಪ್ರಿಲ್ ನಡುವೆ ಒಂದು ಬೆಳಿಗ್ಗೆ ಅವಳು ಹಳ್ಳದ ಈಚೆಗಿನ ಧೂಪದ ಮರದಡಿ ಗುಡಿಸುತ್ತಿದ್ದಳು. ಎರಡು ಹೆಡಿಗೆಗಾಗುವಷ್ಟು ಗುಡ್ಡೆಯಾಗಿತ್ತು. ಎರಡು ಹೆಡಿಗೆ, ಕೇಳಿಸಿತೇ? ಬಲಭುಜ ಹಿಡಿದುಕೊಂಡಿದ್ದರಿಂದ ಎಡಗೈಯಲ್ಲಿ ಗುಡಿಸಿ, ಕಾಲಲ್ಲಿ ಒತ್ತಿ, ಮೇಲೆ ಇನ್ನಷ್ಟು ಎಳೆದಿದ್ದಳು. ಅಷ್ಟರಲ್ಲಿ ಕೆಳಗೆ ಜೀಪಿನ ಸದ್ದು. ಗುಡ್ಡೆ ಅಲ್ಲೇ ಬಿಟ್ಟು, ಖಾಲಿ ಹೆಡಿಗೆ ಮತ್ತು ಪೊರಕೆ ಎತ್ತಿಕೊಂಡು ಗುಡ್ಡ ಹತ್ತಿದಳು. ಮನೆಗೆ ಬಂದ ಮೇಲೆ ತಲೆಯ ಮೇಲೆ ಹೊರೆಯ ಅಡಿಗೆ ಇಟ್ಟುಕೊಳ್ಳುವ ಸಿಂಬೆ ಕಾಣಲಿಲ್ಲ. ತನ್ನ ಹಳೇ ಹಸಿರು ಸೀರೆ ಹರಿದು ಸುತ್ತಿದ ಸಿಂಬೆ, ಹತ್ತು ವರ್ಷ ತಲೆಯ ಆಕಾರಕ್ಕೆ ಒಗ್ಗಿದ್ದು. ದಾರಿಯಲ್ಲಿ ಬಿತ್ತೆಂದು ಎರಡು ದಿನ ಗೊಣಗಿದಳು.

ಜೀಪಿನಲ್ಲಿ ಬಂದವನು ಇಲಾಖೆಯವನಲ್ಲ. ಸಾಗರದ ರವಿಶಂಕರ ಹೆಗಡೆ. ತೋಟದ ಮನೆಯವನು, ನಲವತ್ತೈದು ವರ್ಷ, ಹಾವಿನ ವಿಷಯದಲ್ಲಿ ದೊಡ್ಡ ತಜ್ಞ. ತಜ್ಞ ಎಂದು ಅವನಿಗೆ ಹೇಳಿದವರು ಯಾರು ಎಂದು ಕೇಳಬೇಡಿ, ಅವನ ಟೀ ಶರ್ಟಿನ ಬೆನ್ನ ಮೇಲೆ ಬರೆದಿತ್ತು. ಪೇಟೆಯವರನ್ನು ಕರೆತಂದು, ಉದ್ಯಾನದವರ ಅನುಮತಿಯಲ್ಲಿ ಟೆಂಟು ಹಾಕಿಸಿ, ಪ್ರಕೃತಿ ಶಿಬಿರ ಮಾಡಿಸುವುದು ಕಸುಬು. ಅವನು ಆ ಗುಡ್ಡೆ ಕಂಡ. ಕಂಡವನೇ ಮಂಡಿಯೂರಿ ಕೂತುಬಿಟ್ಟನಂತೆ, ಗರ್ಭಗುಡಿಯ ಮುಂದೆ ಕೂತ ಹಾಗೆ.

ಕಾರಣ ಇಷ್ಟೇ. ಹಾವುಗಳಲ್ಲಿ ಎಲೆ ಗುಡ್ಡೆ ಹಾಕಿ ಗೂಡು ಕಟ್ಟುವುದು ಕಾಳಿಂಗ ಒಂದೇ. ಹೆಣ್ಣು ಕಾಳಿಂಗ ದರಗು ಎಳೆದು ಗುಡ್ಡೆ ಮಾಡಿ, ಒಳಗೆ ಮೊಟ್ಟೆಯಿಟ್ಟು, ಮೇಲೆ ಕಾವಲು ಮಲಗುತ್ತದೆ. ಇದನ್ನು ರವಿಶಂಕರ ಓದಿದ್ದ. ಹೆಂಗಸರೂ ದರಗು ಗುಡ್ಡೆ ಹಾಕುತ್ತಾರೆ ಎಂಬುದು ಮಾತ್ರ ಅವನು ಓದಿದ ಯಾವುದರಲ್ಲೂ ಇರಲಿಲ್ಲ.

ಮೂರನೆಯ ದಿನ ಗುತ್ಯಮ್ಮ ಗುಡ್ಡೆ ಎತ್ತಿಕೊಂಡು ಹೋಗಲು ಬಂದರೆ ಏನಿದೆ! ಸುತ್ತ ಹಗ್ಗ, ಹಗ್ಗದ ತುಂಬ ಕೆಂಪು ರಿಬ್ಬನ್, 'ಎಚ್ಚರಿಕೆ, ಕಾಳಿಂಗ ಸರ್ಪದ ಗೂಡು' ಎಂಬ ಬೋರ್ಡು. ಮರಕ್ಕೆ ಕಟ್ಟಿದ ಎರಡು ಕ್ಯಾಮೆರಾ. ಹಳ್ಳದ ಪಕ್ಕದ ಸಮತಟ್ಟಿನಲ್ಲಿ ಎಂಟು ಟೆಂಟು. ಹಗ್ಗದ ಹತ್ತಿರ ದೊಣ್ಣೆ ಹಿಡಿದು ಮಾಸ್ತಪ್ಪ.

"ಇದೇನೋ ಮಾಸ್ತಪ್ಪ, ನನ್ ದರಗಿಗೆ ಮದ್ವೆ ಚಪ್ಪರ ಹಾಕಿದ್ದೀರಾ?"

ಮಾಸ್ತಪ್ಪನ ಮುಖ ಬಿಳುಚಿತು. "ನಿಂದಾ?"

"ನಂದಲ್ದೆ ನಿಮ್ಮಪ್ಪಂದಾ? ಆಚೆ ಮೂಲೇಲಿ ಹಿಮ್ಮಡಿ ಗುರ್ತು ಕಾಣಲ್ವಾ?"

"ಅಯ್ಯೋ ಅತ್ಗೆ, ಸುಮ್ನಿರು ಮಾರಾಯ್ತಿ. ಗೂಡು ಅಂತ ನಮ್ ಸಾಹೇಬ್ರೇ ಸಹಿ ಹಾಕಿದ್ದಾರೆ. ಮೊದ್ಲು ಕಂಡೋನು ನಾನು ಅಂತ ನಂದೂ ಸಹಿ ಹಾಕ್ಸಿದ್ದಾರೆ. ಈಗ ದರಗು ಅಂದ್ರೆ ಗುಡಿಸಿದ್ಯಾರು ಅಂತ ಕೇಳ್ತಾರೆ. ನಿಂಗೆ ಕೇಸು, ನಂಗೆ ಮನೆ ದಾರಿ."

"ನೋಡ್ದೇನೆ ಸಹಿ ಹಾಕಿದ್ಯಾ?"

"ನೋಡಿದ್ರೂ ಹಾಕ್ಬೇಕಿತ್ತು."

ಗುತ್ಯಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ನೆಲಕ್ಕೆ ಉಗಿದು ಮನೆಗೆ ಹೋದಳು. ಆದರೆ ಬಾಯಿ ಬಿಡಲಿಲ್ಲ. ಬೈದರೂ ಮೈದುನನೇ. ಅವನ ಕೆಲಸ ಕಳೆಯುವ ಮನಸ್ಸು ಅವಳಿಗಿರಲಿಲ್ಲ.

ಶಿಬಿರದವರು ದಿನಾ ಮಜ್ಜಿಗೆ ಬೇಕೆಂದು ಹೇಳಿ ಕಳಿಸಿದರು. ಗುತ್ಯಮ್ಮನೇ ಕೊಟ್ಟು ಬರತೊಡಗಿದಳು. ಹೋದಾಗೆಲ್ಲ ರವಿಶಂಕರನ ಪಾಠ ನಡೆದಿರುತ್ತಿತ್ತು. ಹಗ್ಗದಾಚೆ ಹತ್ತು ಹನ್ನೆರಡು ಮಂದಿ, ಮಳೆಯಿಲ್ಲದ ಕಾಲದಲ್ಲಿ ಮಳೆಯಂಗಿ ತೊಟ್ಟವರು, ರಕ್ತ ಹೀರುವ ಇಂಬಳವಿಲ್ಲದ ಕಾಲದಲ್ಲಿ ಇಂಬಳದ ಕಾಲುಚೀಲ ತೊಟ್ಟವರು.

"ಗಮನಿಸಿ, ಎಲೆಗಳೆಲ್ಲ ಎಡದಿಂದ ಬಂದಿವೆ. ತಾಯಿ ಗಾಳಿಯ ದಿಕ್ಕು ಲೆಕ್ಕ ಹಾಕಿದಾಳೆ. ಒತ್ತಡ ನೋಡಿ, ಒಂದು ಹನಿ ನೀರು ಒಳಗಿಳಿಯಲ್ಲ. ಯಾವ ಇಂಜಿನಿಯರಿಗೂ ಇದು ಸಾಧ್ಯವಿಲ್ಲ."

ಗುತ್ಯಮ್ಮ ತನ್ನ ಬಲಭುಜ ನೀವಿಕೊಂಡಳು. ಐವತ್ತು ವರ್ಷ ಗುಡಿಸಿದ್ದಕ್ಕೆ ಒಬ್ಬರೂ ಒಂದು ಒಳ್ಳೆ ಮಾತು ಆಡಿರಲಿಲ್ಲ. ಈಗ ಹೊಗಳಿಕೆ ಬರುತ್ತಿದೆ, ಅದೂ ಹಾವಿಗೆ! ಒಂದು ಕ್ಷಣ ಹಿಗ್ಗಿದಳು, ಮರುಕ್ಷಣ ಹಿಗ್ಗಿದ್ದಕ್ಕೆ ತನ್ನನ್ನೇ ಬೈದುಕೊಂಡಳು.

ರವಿಶಂಕರನ ಚಿಕ್ಕಪ್ಪನ ಮಗಳು ವಂದನಾ ಅವನಿಗೆ ಸಹಾಯಕಿ. ಗುಡ್ಡೆಗೆ ಚುಚ್ಚಿದ ಉದ್ದನೆಯ ಕಡ್ಡಿಯಲ್ಲಿ ದಿನಕ್ಕೆರಡು ಸಲ ಒಳಗಿನ ಬಿಸಿ ನೋಡಿ ಬರೆದಿಡುವುದು ಅವಳ ಕೆಲಸ. ನಡುವೆ ಒಂದು ಮಳೆ ಬಿದ್ದು ದರಗು ಒಳಗೊಳಗೇ ಕೊಳೆಯತೊಡಗಿತ್ತು. ಕೊಳೆತರೆ ಬಿಸಿಯಾಗುತ್ತದೆ, ತಿಪ್ಪೆಯ ಹತ್ತಿರ ನಿಂತ ಯಾರಿಗೂ ಗೊತ್ತಿರುವ ಸಂಗತಿ. ಇಲ್ಲಿ ಅದಕ್ಕೆ ಚಪ್ಪಾಳೆ ಬಿತ್ತು. ಮೊಟ್ಟೆ ಕಾವಿಗೆ ಬಂದಿದೆಯಂತೆ!

ಎಲ್ಲರ ನಡುವೆ ವಂದನಾ ಒಬ್ಬಳಿಗೆ ಮಾತ್ರ ತಲೆ ಕೆಲಸ ಮಾಡುತ್ತಿತ್ತು. ಮನೆಮಾತಿನಲ್ಲಿ ಅಣ್ಣನ ಕಿವಿಯ ಹತ್ತಿರ ಹೇಳಿದಳು.

"ಅಣ್ಣಾ, ಹನ್ನೊಂದು ದಿನ ಆತು. ತಾಯಿ ಕ್ಯಾಮೆರಾದಲ್ಲಿ ಒಂದ್ ಸಲನೂ ಕಂಡಿದ್ದೇ ಇಲ್ಲೆ. ಬರೀ ಕಾಡುಕೋಳಿ, ಮುಳ್ಳುಹಂದಿ. ಆ ಕೋಳಿ ಗೂಡಿನ ಮೇಲೇ ಕೆರೀತಾ ಇದ್ದು."

"ಎಂತ ಮಾತಾಡ್ತೆ ನೀನು? ಅದಕ್ಕೆ ನಾಚ್ಕೆ ಸ್ವಭಾವ ಇದ್ದು. ಜನ ಕಂಡ್ರೆ ದೂರ ಹೋಗ್ತು."

ನಾಚಿಕೆ! ಮೊಟ್ಟೆಯ ಮೇಲೆ ಕೂತ ಕಾಳಿಂಗಕ್ಕೆ ನಾಚಿಕೆ! ಮಜ್ಜಿಗೆಯ ಚೊಂಬು ಹಿಡಿದ ಗುತ್ಯಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಅಲ್ಲಿಯವರೆಗೂ ಇದೊಂದು ತಮಾಷೆಯಾಗಿತ್ತು.

ಮರುದಿನ ತಮಾಷೆ ಮುಗಿಯಿತು. ಕೊಟ್ಟಿಗೆಗೆ ದರಗು ಬೇಕೇಬೇಕಲ್ಲ. ಧೂಪದ ಮರದ ಕಡೆ ದಾರಿ ಮುಚ್ಚಿತ್ತು. ಹಾಗಾಗಿ ಅವಳು ಹಳ್ಳ ದಾಟಿ ಮೇಲಿಂದ ಇಳಿದು, ಟೆಂಟುಗಳ ಹಿಂಬದಿಯ ವಾಟೆ ಬಿದಿರಿನ ಹಿಂಡಿಗೆ ಬಂದಳು. ಪೊರಕೆ ನೆಲಕ್ಕೆ ತಾಗಿಸುವ ಮೊದಲು ಎಲೆಯ ಸದ್ದು ಕೇಳಿತು. ಗಾಳಿ ಇರಲಿಲ್ಲ. ಸದ್ದು ಎಳೆಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಎಳೆಯುತ್ತಿತ್ತು.

ಹತ್ತು ಹೆಜ್ಜೆ ಆಚೆ ಒಣ ವಾಟೆ ಎಲೆಯ ಗುಡ್ಡೆ. ಅದರ ಪಕ್ಕ ಅವಳು, ಹೆಣ್ಣು ಕಾಳಿಂಗ. ಮುಂಗೈ ದಪ್ಪದ ಮೈ, ಒಣ ಎಲೆಯದೇ ಬಣ್ಣ, ಅಡ್ಡಕ್ಕೆ ಮಸುಕು ಹಳದಿ ಪಟ್ಟೆ. ಕುತ್ತಿಗೆಯ ಹಿಂದಿನ ಮೈಯನ್ನು ಕೊಕ್ಕೆಯಂತೆ ಬಗ್ಗಿಸಿ, ಒಂದು ಬುಟ್ಟಿಯಷ್ಟು ದರಗನ್ನು ತನ್ನತ್ತ ಎಳೆದುಕೊಂಡು, ಗುಡ್ಡೆಗೆ ಒತ್ತಿ, ಸ್ವಲ್ಪ ಹೊತ್ತು ನಿಂತು ದಣಿವಾರಿಸಿಕೊಂಡಳು. ಮತ್ತೆ ಎಳೆದಳು. ಗುತ್ಯಮ್ಮನ ಕಾಲಡಿ ಕಡ್ಡಿಯೊಂದು ಮುರಿಯಿತು. ಹಾವು ಎದ್ದು ನಿಂತಿತು, ಅವಳ ಸೊಂಟದ ಎತ್ತರಕ್ಕೆ. ಬುಸುಗುಡಲಿಲ್ಲ, ದೂರದಲ್ಲಿ ನಾಯಿ ಗುರುಗುಟ್ಟಿದ ಹಾಗೆ ಗಂಟಲಲ್ಲೇ ಸದ್ದು ಮಾಡಿತು. ಗುತ್ಯಮ್ಮ ಬೆನ್ನು ತೋರಿಸದೆ ಒಂದೊಂದೇ ಹೆಜ್ಜೆ ಹಿಂದಿಟ್ಟಳು. ಹಾವು ತಲೆ ಇಳಿಸಿ ಗುಡ್ಡೆಯ ಮೇಲೆ ಸುರುಳಿ ಸುತ್ತಿ ಮಲಗಿತು. ಎಲ್ಲಿಗೂ ಹೋಗಲಿಲ್ಲ. ನಾಚಲೂ ಇಲ್ಲ.

'ಇವ್ಳೂ ನನ್ನ ಹಂಗೇ ದರಗು ಗುಡಿಸೋಳು' ಎಂದುಕೊಂಡಳು ಗುತ್ಯಮ್ಮ. ಅಲ್ಲಿಂದ ಟೆಂಟಿಗೆ ನಲವತ್ತು ಹೆಜ್ಜೆ. ತಜ್ಞರು ನಲವತ್ತು ಹೆಜ್ಜೆ ದೂರದಲ್ಲಿ ಕೂತು ಕೊಳೆತ ಎಲೆಯ ಜ್ವರ ನೋಡುತ್ತಿದ್ದರು.

ಸುಮ್ಮನೆ ಬಿಟ್ಟಿದ್ದರೆ ಹಾವು ತನ್ನ ಪಾಡಿಗೆ, ಇವರು ತಮ್ಮ ಪಾಡಿಗೆ ಇರುತ್ತಿದ್ದರು. ಆದರೆ ಮಜ್ಜಿಗೆ ಕೊಡಲು ಹೋದಾಗ ಮಾಸ್ತಪ್ಪ ಹೊಸ ಸುದ್ದಿ ಹೇಳಿದ. ಭಾನುವಾರ ನಲವತ್ತು ಜನ ಬರುತ್ತಾರೆ. ಒಣ ಎಲೆಗೆ ಬೆಂಕಿ ತಗುಲೀತೆಂದು ಶನಿವಾರ ಬೆಳಿಗ್ಗೆ ಟೆಂಟಿನ ಸುತ್ತ ಅರವತ್ತು ಹೆಜ್ಜೆಯವರೆಗೂ ಬೆಂಕಿ ರೇಖೆ. ಬೆನ್ನಿಗೆ ಕಟ್ಟಿಕೊಳ್ಳುವ ಬ್ಲೋವರ್ ಯಂತ್ರ ಬರುತ್ತದೆ, ಗಾಳಿ ಊದಿ ದರಗನ್ನೆಲ್ಲ ಹಾರಿಸಿಬಿಡುತ್ತದೆ.

"ವಾಟೆ ಹಿಂಡಲ್ಲೂ ಊದ್ತಾರಾ?"

"ಮೊದ್ಲು ಅಲ್ಲೇ. ದರಗು ಜಾಸ್ತಿ ಇರೋದೇ ಅಲ್ಲಿ."

ಗುತ್ಯಮ್ಮ ಗುಡಿಸಿದರೆ ಕೇಸು, ಯಂತ್ರ ಗುಡಿಸಿದರೆ ಸಂರಕ್ಷಣೆ. ಅದನ್ನು ಅತ್ತ ಇಡಿ. ಅವಳ ಕಣ್ಣಿಗೆ ಬಂದದ್ದು ಬೇರೆ. ಯಂತ್ರ ಹೊತ್ತವನು ಯಾರೋ ದಿನಗೂಲಿಯವನು, ಕಿವಿಗೆ ಮುಚ್ಚಳ ಹಾಕಿಕೊಂಡು ಆ ಗುಡ್ಡೆಯ ಮುಂದೆ ಹೋಗಿ ನಿಲ್ಲುತ್ತಾನೆ. ಆ ತಾಯಿ ಬಿಟ್ಟು ಓಡುವವಳಲ್ಲ. ಅವನು ಸಾಯುತ್ತಾನೆ, ಆಮೇಲೆ ಇವರೆಲ್ಲ ಸೇರಿ ಅವಳನ್ನು ಹೊಡೆದು ಹಾಕುತ್ತಾರೆ, ಮೊಟ್ಟೆ ಬಿಸಿಲಿಗೆ ಬಿದ್ದು ಒಣಗುತ್ತದೆ.

ನೇರ ರವಿಶಂಕರನ ಹತ್ತಿರ ಹೋದಳು.

"ಹೆಗಡೇರೆ, ಆಚೆ ವಾಟೆ ಹಿಂಡಲ್ಲಿ ಕಾಳಿಂಗ ಗೂಡು ಹಾಕ್ಯದೆ. ನಾನೇ ಕಣ್ಣಾರೆ ನೋಡಿದೀನಿ. ಶನಿವಾರ ಅಲ್ಲಿ ಮಿಷನ್ ಹಾಕ್ಸ್ಬೇಡಿ."

ರವಿಶಂಕರ ನಕ್ಕ. ಕೆಟ್ಟ ನಗು ಅಲ್ಲ, ಅದಕ್ಕಿಂತ ಕೆಟ್ಟದ್ದು. ಮಕ್ಕಳ ಮಾತಿಗೆ ದೊಡ್ಡವರು ನಗುವ ನಗು.

"ಅಮ್ಮಾ, ಇಷ್ಟು ಹತ್ರ ಎರಡು ಗೂಡು ಸಾಧ್ಯಾನೇ ಇಲ್ಲ. ಇಲ್ಲಿ ಗೂಡಿದೆಯಲ್ಲ, ಅಂದ್ಮೇಲೆ ಅಲ್ಲಿ ಇರೋಕಾಗಲ್ಲ. ನೀವು ಕೇರೆಹಾವು ನೋಡಿರ್ತೀರಿ."

"ಕೇರೆ ಗುರ್‌ ಅನ್ನುತ್ತಾ?"

"ಹೆದ್ರಿಕೇಲಿ ಹಾಗೆಲ್ಲ ಕೇಳ್ಸುತ್ತೆ."

"ಒಂದ್ಸಲ ಬಂದು ನೋಡಿ. ನಲವತ್ ಹೆಜ್ಜೆ. ಹಳ್ಳ ದಾಟೋಕೆ ನಾನು ಕೈ ಹಿಡ್ಕೋತೀನಿ."

ಸುತ್ತ ಕೂತವರು ನಕ್ಕರು. ರವಿಶಂಕರನ ಕಿವಿ ಕೆಂಪಾಯಿತು. "ಅಮ್ಮಾ, ನೀವು ಮಜ್ಜಿಗೆ ನೋಡ್ಕೊಳ್ಳಿ. ಹಾವು ನಾವು ನೋಡ್ಕೋತೀವಿ."

ಅವಳು ಚೊಂಬು ಎತ್ತಿಕೊಂಡು ಹೊರಟಳು. ಹಿಂತಿರುಗುವಾಗ ದಾರಿಯುದ್ದಕ್ಕೂ ಯೋಚಿಸಿದಳು. ಇಲ್ಲಿ ಸುಳ್ಳು ಗೂಡು ಇರುವ ತನಕ ಅಲ್ಲಿನ ನಿಜವಾದ ಗೂಡನ್ನು ಇವನು ನಂಬುವುದಿಲ್ಲ. ಸುಳ್ಳು ಗೂಡು ಕಟ್ಟಿದವಳು ತಾನು. ಎತ್ತಬೇಕಾದವಳೂ ತಾನೇ. ಎತ್ತಿದರೆ ಕಳ್ಳಿ ಎಂದು ಎಲ್ಲರೆದುರು ಒಪ್ಪಿಕೊಂಡ ಹಾಗೆ, ಮಾಸ್ತಪ್ಪನ ಕೆಲಸಕ್ಕೂ ಕುತ್ತು. ಎತ್ತದಿದ್ದರೆ ಶನಿವಾರ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಉದ್ಯಾನದ ಸಾಹೇಬರ ಜೀಪು ಬಂತು. ಶಿಬಿರದವರೆಲ್ಲ ಹಗ್ಗದ ಸುತ್ತ ನೆರೆದಿದ್ದರು. ಅತ್ತ ಹಳ್ಳದ ಕಡೆ ಒಬ್ಬ ಬ್ಲೋವರ್ ಬೆನ್ನಿಗೇರಿಸಿಕೊಂಡು ಅದರ ದಾರ ಎಳೆದು ಚಾಲು ಮಾಡಿದ. ಕಾಡೆಲ್ಲ ಅದುರಿತು. ಮರದ ಮೇಲಿದ್ದ ಸಿಂಗಳೀಕಗಳು ಬೈದುಕೊಂಡು ಗುಡ್ಡ ದಾಟಿದವು.

ಆಗ ಗುತ್ಯಮ್ಮ ಬಂದಳು. ಸೀರೆ ಎತ್ತಿ ಕಟ್ಟಿದ್ದಳು. ಒಂದರೊಳಗೊಂದು ಎರಡು ಹೆಡಿಗೆ, ಕೈಯಲ್ಲಿ ಪೊರಕೆ. ಯಾರನ್ನೂ ನೋಡಲಿಲ್ಲ. ಬೇಲಿ ದಾಟುವ ಎಮ್ಮೆಯ ಹಾಗೆ ಹಗ್ಗ ದಾಟಿದಳು.

"ಅಮ್ಮಾ! ನಿಲ್ಲಿ! ಸಾಯ್ತೀರಿ!" ರವಿಶಂಕರನ ಧ್ವನಿ ಒಡೆಯಿತು. ಆದರೆ ಹಗ್ಗದೊಳಗೆ ಕಾಲಿಡಲಿಲ್ಲ. ಉಳಿದವರು ಹತ್ತು ಹೆಜ್ಜೆ ಹಿಂದೆ ಸರಿದು ಫೋನು ಎತ್ತಿದರು. ಹೆಂಗಸೊಬ್ಬಳು ಸಾಯುವುದನ್ನು ತಪ್ಪಿಸುವವರು ಒಬ್ಬರಿಲ್ಲ, ಚಿತ್ರ ಹಿಡಿಯುವವರು ಹನ್ನೆರಡು.

ಅವಳು ಎರಡೂ ಕೈ ಮೊಣಕೈವರೆಗೆ ಗುಡ್ಡೆಯೊಳಗೆ ಇಳಿಸಿ, ಬಾಚಿ ಹೆಡಿಗೆಗೆ ತುಂಬಿದಳು. ಇನ್ನೊಂದು ಬಾಚಿದಳು. ಒಂದು ಹೆಡಿಗೆ ತುಂಬಿತು. ಎರಡನೆಯದು ತುಂಬುವಾಗ ತಳದಲ್ಲಿ ಹಸಿರು ಸುರುಳಿಯೊಂದು ಕಂಡಿತು.

"ಹಾವು!" ಎಂದು ಯಾರೋ ಚೀರಿದರು. ಇಬ್ಬರು ಓಡಿದರು. ಒಬ್ಬನ ಫೋನು ಬಿತ್ತು.

ಗುತ್ಯಮ್ಮ ಸುರುಳಿಯನ್ನು ಎತ್ತಿದಳು. ವಂದನಾ ದಿನಕ್ಕೆರಡು ಸಲ ನೋಡುತ್ತಿದ್ದ ಬಿಸಿ ಅಳೆಯುವ ಕಡ್ಡಿ ಅದರ ನಟ್ಟನಡುವೆ ಚುಚ್ಚಿಕೊಂಡು ತೂಗಾಡುತ್ತಿತ್ತು. ಸಿಂಬೆ! ಗುಡಿಸುವಾಗ ನೆಲಕ್ಕಿಟ್ಟು, ನೋಡದೆ ಅದರ ಮೇಲೇ ದರಗು ಎಳೆದಿದ್ದಳು.

"ಇದು ಇಲ್ಲಿದ್ಯಾ!" ಎಂದು ಕೊಡವಿ, ಕಡ್ಡಿ ಕಿತ್ತು ರವಿಶಂಕರನತ್ತ ಚಾಚಿದಳು. "ತಗಳಿ ಹೆಗಡೇರೆ. ಇಷ್ಟು ದಿನ ನನ್ ಸಿಂಬೆಗೆ ಜ್ವರ ನೋಡಿದ್ದೀರಿ. ಇಳೀತಾ?"

ಮೊದಲು ನಕ್ಕವಳು ವಂದನಾ. ನಕ್ಕು ನಕ್ಕು ನೆಲಕ್ಕೆ ಕೂತಳು.

ರವಿಶಂಕರ ಸಾಹೇಬರ ಕಡೆ ತಿರುಗಿ ಕೂಗಿದ. "ಸಾರ್, ಕೇಸ್ ಹಾಕಿ! ಉದ್ಯಾನದೊಳಗೆ ದರಗು ಗುಡಿಸಿದಾಳೆ, ತಾನೇ ಒಪ್ಕೊಂಡಿದಾಳೆ!"

"ಮಾಸ್ತಪ್ಪ, ಬರಿಯೋ," ಎಂದರು ಸಾಹೇಬರು.

ಮಾಸ್ತಪ್ಪ ಪುಸ್ತಕ ತೆಗೆದ. ಪೆನ್ನು ತೆಗೆದ. ಬದುಕಿನಲ್ಲಿ ಮೊದಲ ಸಲ ಅವನ ತಲೆಯೂ ಕೆಲಸ ಮಾಡಿತು.

"ಏನಂತ ಬರೀಲಿ ಸಾರ್? ದರಗು ಅಂತ ಬರೆದ್ರೆ, ಇದು ಗೂಡು ಅಂತ ತಾವು ಸಹಿ ಹಾಕಿ ಮೇಲೆ ಕಳ್ಸಿದ ಕಾಗ್ದ ಅದೆ. ಗೂಡು ಹಾಳ್ಮಾಡಿದ್ಲು ಅಂತ ಬರೆದ್ರೆ, ಮೊಟ್ಟೆ ಎಲ್ಲಿ ಅಂತ ಕೇಳ್ತಾರೆ. ಯಾವ್ದು ಬರೀಲಿ?"

ಸಾಹೇಬರು ಖಾಲಿ ನೆಲ ನೋಡಿದರು. ರವಿಶಂಕರನನ್ನು ನೋಡಿದರು. ಇನ್ನೂ ಎತ್ತಿ ಹಿಡಿದಿದ್ದ ಫೋನುಗಳನ್ನು ನೋಡಿದರು. ಟೋಪಿ ಸರಿಮಾಡಿಕೊಂಡರು.

"ಪುಸ್ತಕ ಮುಚ್ಚು. ಆ ಮಿಷನ್ ನಿಲ್ಸೋಕೆ ಹೇಳು. ಏನು ಗಲಾಟೆ ಅದು, ಉದ್ಯಾನದೊಳಗೆ! ಗೂಡಿಲ್ಲ ಅಂದ್ಮೇಲೆ ಟೆಂಟ್ ಯಾಕೆ? ಸಂಜೆಯೊಳಗೆ ಒಂದೂ ಇರಬಾರ್ದು."

ತಪ್ಪು ಮಾಡಿದ ದೊಡ್ಡವರು ಎಷ್ಟು ಬೇಗ ಬೇರೆಯವರಿಗೆ ಬೈಯಲು ಶುರು ಮಾಡುತ್ತಾರೆ ನೋಡಿ! ಆದರೆ ಅವತ್ತು ಆ ಬೈಗುಳವೇ ಗುತ್ಯಮ್ಮನಿಗೆ ಬೇಕಾಗಿತ್ತು. ಯಂತ್ರ ನಿಂತಿತು. ವಾಟೆ ಹಿಂಡಿಗೆ ಇನ್ನು ಹತ್ತು ಹೆಜ್ಜೆ ಇತ್ತು. ಹೊತ್ತವನು ಕಿವಿಯ ಮುಚ್ಚಳ ತೆಗೆದು ಏನಾಯಿತೆಂದು ಕೇಳಿದ. ತಾನು ಯಾವುದರಿಂದ ಹತ್ತು ಹೆಜ್ಜೆ ದೂರ ಇದ್ದೆ ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಗುತ್ಯಮ್ಮ ಸಿಂಬೆ ತಲೆಗಿಟ್ಟು ಒಂದು ಹೆಡಿಗೆ ಹೊತ್ತಳು. ಇನ್ನೊಂದನ್ನು ವಂದನಾ ಸೊಂಟಕ್ಕೆ ಆನಿಸಿಕೊಂಡು ಹಿಂದೆ ಬಂದಳು. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಕೇಳಿದಳು.

"ಗುತ್ಯಮ್ಮ, ಮೊನ್ನೆ ಹೇಳಿದ್ರಲ್ಲ, ಆ ಇನ್ನೊಂದು... ನಿಜಾನಾ?"

"ಯಾವ್ ಇನ್ನೊಂದು? ನಾನು ನೋಡಿದ್ದು ಕೇರೆ ಅಲ್ವಾ?" ಎಂದಳು ಗುತ್ಯಮ್ಮ. ನಾಲ್ಕು ಹೆಜ್ಜೆ ನಡೆದು, ಆ ಹುಡುಗಿಯ ಸೊಂಟದ ಹೆಡಿಗೆ ನೋಡಿ, ಮನಸ್ಸು ಕರಗಿತೋ ಏನೋ. "ಮಳೆ ಹಿಡಿದ್ಮೇಲೆ ಬಾ ತಂಗಿ. ಒಬ್ಳೇ ಬಾ. ಟೀ ಶರ್ಟ್ ಹಾಕ್ಕೊಂಡ್ ಬರ್ಬೇಡ."

ಸಂಜೆಗೆ ಟೆಂಟು ಹೋಯಿತು, ಬೋರ್ಡು ಹೋಯಿತು. ಜುಲೈಯಲ್ಲಿ ಮಳೆ ಜಡಿಯುವಾಗ ವಂದನಾ ಬಂದಳು. ವಾಟೆ ಹಿಂಡಿನಲ್ಲಿ ತಾಯಿ ಇರಲಿಲ್ಲ, ಮರಿ ಒಡೆಯುವ ಹೊತ್ತಿಗೆ ಅವಳು ಗೂಡು ಬಿಟ್ಟು ಹೋಗುತ್ತಾಳೆ. ಒದ್ದೆ ಎಲೆಗಳ ನಡುವೆ ಸೀಳಿದ ಬಿಳಿ ಚಿಪ್ಪುಗಳು ಮಾತ್ರ, ಇಪ್ಪತ್ತಮೂರು. ವಂದನಾ ಎಣಿಸಿದಳು, ಫೋಟೋ ತೆಗೆಯಲಿಲ್ಲ. ಆ ಹುಡುಗಿಗೆ ಬುದ್ಧಿ ಬಂತೆಂದು ನಾನು ಒಪ್ಪಿದ್ದು ಆಗಲೇ.

ಇಷ್ಟು. ಇನ್ನು ಈ ಕಥೆಯನ್ನು ನಿಮ್ಮ ಬೇರೆ ಗುಂಪುಗಳಿಗೆ ಕಳಿಸಿ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೂ ಹೇಳಿ, ಮುಖ್ಯವಾಗಿ ಬೆನ್ನ ಮೇಲೆ ಹೆಸರು ಬರೆಸಿಕೊಂಡು ತಿರುಗುವವರಿಗೆ ಹೇಳಿ. ಗುತ್ಯಮ್ಮನ ಹೆಸರು ಬಿಡಬೇಡಿ. ಆದರೆ ವಾಟೆ ಹಿಂಡು ಇರುವ ಜಾಗ ಯಾರಾದರೂ ಕೇಳಿದರೆ ಮೇಗರವಳ್ಳಿಯ ಕಡೆ ಎಲ್ಲೋ ಅಂತೆ ಎಂದು ಬಿಡಿ, ಹುಡುಕಿಕೊಂಡು ಸಾಯಲಿ. ಮತ್ತೆ ಎರಡು ಹೆಡಿಗೆ ಎಂದೇ ಹೇಳಿ. ಒಂದು ಎಂದು ಹೇಳುವವರು ಹೇಳುವುದೇ ಬೇಡ.